ಹಾವಿನ ಗುಡ್ಡೆ

ಟ್ರಾಂಟರ್ಸ್ ಫ್ಲಾಟ್‌ಗೆ ನೂರು ವರ್ಷ ತುಂಬಿತಂತೆ. ಯಾರು ಎಣಿಸಿದರೋ, ಎಲ್ಲಿಂದ ಎಣಿಸಿದರೋ. ಊರು ಅಂದರೆ ಮಹಾ ಏನಿಲ್ಲ. ಒಂದು ಶಾಲೆ, ತಗಡಿನ ಮಾಡಿನ ಒಂದು ಸಭಾಭವನ, ಮಿಲ್ಲಿಗೆ ಕಬ್ಬು ಹೊರುವ ಪುಟಾಣಿ ರೈಲಿನ ಹಳಿ, ಬಿಳಿಯರ ಹನ್ನೊಂದು ಮನೆ. ಸುತ್ತ ಎತ್ತ ನೋಡಿದರೂ ಕಬ್ಬು. ಹಳ್ಳದ ಆಚೆ ದಡದಲ್ಲಿ ಇನ್ನೂ ಒಂಬತ್ತು ಮನೆಗಳಿವೆ. ಅವು ದ್ವೀಪದವರ, ಕಬ್ಬಿನ ಕೆಲಸಕ್ಕೆ ಕಡಲಾಚೆಯಿಂದ ಹಡಗಿನಲ್ಲಿ ತಂದವರ ಮನೆಗಳು. ಊರಲ್ಲಿ ಎಷ್ಟು ಮನೆ ಅಂತ ಯಾರನ್ನಾದರೂ ಕೇಳಿ ನೋಡಿ, ಇವತ್ತಿಗೂ ಹನ್ನೊಂದು ಅಂತಲೇ ಹೇಳುತ್ತಾರೆ.

ನೂರು ವರ್ಷದ ಸಂಭ್ರಮಕ್ಕೆ ಬೆರಿಲ್ ಟೀಚರು ಊರಿನ ಚರಿತ್ರೆ ಬರೆದಳು. ಶಾಲೆಯಿಂದ ನಿವೃತ್ತಳಾಗಿ ಕೈಗೆ ಕೆಲಸವಿಲ್ಲದೆ ಕೂತಿದ್ದಳು, ಪಾಪ. ನಲವತ್ತು ಪುಟದ ಪುಸ್ತಕ, ನುಣುಪು ಹಾಳೆ, ಮೇಲೆ ಗಡ್ಡದ ಹಿರಿಯ ಟ್ರಾಂಟರನ ಫೋಟೋ. ಸಭಾಭವನ ಗುಡಿಸುವ ಏಸ್ಮೆ ಅಲ್ಲಿಂದ ಒಂದು ಪ್ರತಿ ಫ್ರಾಕಿನ ಜೇಬಿಗೆ ತುರುಕಿಕೊಂಡು ಮನೆಗೆ ತಂದಳು. ಜಗಲಿಯಲ್ಲಿ ಗೆಣಸು ಸುಲಿಯುತ್ತಿದ್ದ ತಮ್ಮನ ಎದುರು ಕೂತು ಓದಿದಳು.

'ಕೇಳೋ ಏಮೋಸ್. ಹಿರಿಯ ಟ್ರಾಂಟರ್ ಬಂದಾಗ ಇಲ್ಲಿ ಯಾರೂ ಇರಲಿಲ್ಲವಂತೆ. ಬರೀ ಕಾಡು, ಕಲ್ಲು. ತನ್ನ ಎರಡು ಕೈಗಳಿಂದಲೇ ಕಾಡು ಕಡಿದು, ಕಲ್ಲು ಆಯ್ದು, ಆರುನೂರು ಎಕರೆ ಹಸನು ಮಾಡಿದನಂತೆ.'

'ಎರಡೇ ಕೈಯಲ್ಲಾ?'

'ಎರಡೇ ಕೈ. ಪುಣ್ಯಾತ್ಮ, ಒಂದೊಂದು ಕೈಗೆ ಎಷ್ಟು ಬೆರಳಿದ್ವೋ!'

ಇಬ್ಬರೂ ನಕ್ಕರು. ನಗದೆ ಏನು ಮಾಡುವುದು. ಆ ನೆಲದ ಮೂಲ ನಿವಾಸಿಗಳನ್ನು ಕೋವಿ ಹಿಡಿದು ಅಟ್ಟಿದ್ದಕ್ಕೆ ಆ ಪುಸ್ತಕದಲ್ಲಿ ಅರ್ಧ ಸಾಲೂ ಇಲ್ಲ. ದ್ವೀಪದವರಿಗೆ, ಬಿಳಿಯರ ಬಾಯಲ್ಲಿ ಕನಾಕಾಗಳಿಗೆ, ಒಂದು ಸಾಲು ಇತ್ತು. 'ಆಗ ಕೆಲವು ಕನಾಕಾ ಆಳುಗಳೂ ಇದ್ದರು.' ಅಷ್ಟೇ. ಕುದುರೆಗಳಿಗೆ ಎರಡು ಪುಟ ಕೊಟ್ಟಿದ್ದಳು ಮಹಾತಾಯಿ.

ಏಮೋಸ್ ಟಾಂಗೋವನಿಗೆ ಅರವತ್ತನಾಲ್ಕು. ಅವನ ಅಪ್ಪನನ್ನು ಹದಿನಾರನೇ ವಯಸ್ಸಿಗೆ ಹಡಗಿಗೆ ಹತ್ತಿಸಿದ್ದರು. ಕೊಡಲಿ ಕೊಡ್ತೀವಿ, ಕೆಂಪು ಬಟ್ಟೆ ಕೊಡ್ತೀವಿ, ಬಂದು ನೋಡ್ರೋ ಅಂತ ಕರೆದು, ಹತ್ತಿದ ಮೇಲೆ ಬಾಗಿಲು ಜಡಿದುಬಿಟ್ಟರು. ಇಳಿದಾಗ ಕಬ್ಬಿನ ಸೀಮೆ. ಹೆಸರು ಬಾಯಿಗೆ ಬರಲಿಲ್ಲ ಅಂತ ಟಾಮಿ ಅಂತ ಬರೆದುಕೊಂಡರು, ಪಕ್ಕಕ್ಕೆ ದ್ವೀಪದ ಹೆಸರು ಅಂಟಿಸಿದರು. ಆ ಹಡಗಿನಲ್ಲೇ ಏಳು ಜನ ಟಾಮಿಗಳಿದ್ದರಂತೆ.

ಆಮೇಲೆ ಕಲ್ಲು. ಈ ನೆಲದಲ್ಲಿ ಮಣ್ಣಿಗಿಂತ ಕಲ್ಲು ಜಾಸ್ತಿ. ನೇಗಿಲು ಇಳಿಯಬೇಕಾದರೆ ಮೊದಲು ಕಲ್ಲು ಎತ್ತಬೇಕು. ದ್ವೀಪದವರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಗಂಡಸರು, ಹೆಂಗಸರು, ಬಸುರಿಯರು, ಎಲ್ಲರೂ. ಬೆಳಿಗ್ಗೆ ಹಿಡಿದ ಸಾಲು ಹೊತ್ತು ಮುಳುಗುವ ತನಕ ಕದಲುತ್ತಿರಲಿಲ್ಲ. ಅಂಗೈ ಸಿಪ್ಪೆ ಸುಲಿದು, ಕಲ್ಲಿಗೆ ರಕ್ತ ಅಂಟಿ, ಆ ರಕ್ತ ಮುಂದಿನವನ ಕೈಗೆ ಹತ್ತುತ್ತಿತ್ತು. ದೊಡ್ಡ ಕಲ್ಲು ಗೋಡೆಗೆ, ಸಣ್ಣದು ಬದುವಿನ ಗುಡ್ಡೆಗೆ. ಗಾರೆ ಇಲ್ಲ, ಸಿಮೆಂಟು ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿ ಸಂದಿಗೆ ಚಕ್ಕೆ ಬಡಿದು ಕಟ್ಟಿದ ಗೋಡೆಗಳು. ಎಷ್ಟೋ ಬಿರುಗಾಳಿ ಬಂದು ಹೋದವು, ಬಿಳಿಯರ ಮನೆಯ ತಗಡು ಹಾರಿಹೋದವು. ಗೋಡೆಗಳು ಅಲ್ಲೇ ಇವೆ.

ಸತ್ತವರನ್ನು ಮೊದಮೊದಲು ಬಯಲ ಅಂಚಿನಲ್ಲಿ ಹೂಳುತ್ತಿದ್ದರು. ಪಟ್ಟಣದ ಚರ್ಚಿನ ಸ್ಮಶಾನಕ್ಕೆ ಬೇಲಿಯಿತ್ತು, ಒಳಗೆ ಬಿಡುತ್ತಿರಲಿಲ್ಲ. ಒಂದು ವರ್ಷ ಹಿರಿಯ ಟ್ರಾಂಟರನಿಗೆ ಆ ಅಂಚಿನ ಮಣ್ಣು ಕಣ್ಣಿಗೆ ಬಿತ್ತು. ಒಳ್ಳೆ ಕಪ್ಪು ಮಣ್ಣು, ಸುಮ್ಮನೆ ಬಿಟ್ಟಿದ್ದೀರಲ್ಲ ಅಂದ. ನೇಗಿಲು ಹೊಡೆಸಿದ. ನೇಗಿಲು ಹಿಡಿದವರು ದ್ವೀಪದವರೇ. ಹಿಡಿಯಲ್ಲ ಅಂದವನ ಬೆನ್ನಿನ ಮೇಲೆ ಚಾವಟಿ ಮುರಿಯಿತು. ತನ್ನ ಅಣ್ಣನ ಮೇಲೆ ತಾನೇ ನೇಗಿಲು ಎಳೆದವನೊಬ್ಬ ಆಮೇಲೆ ಬಾಯೇ ಬಿಡಲಿಲ್ಲ, ಸಾಯುವ ತನಕ ಮೂಗನ ಹಾಗೆ ಇದ್ದ.

ಅಂದಿನಿಂದ ದ್ವೀಪದವರು ಸತ್ತವರನ್ನು ಬಚ್ಚಿಡಲು ಕಲಿತರು. ದಕ್ಷಿಣದ ಬದುವಿನಲ್ಲಿ ಆಯ್ದ ಕಲ್ಲಿನ ದೊಡ್ಡ ಗುಡ್ಡೆಯೊಂದಿತ್ತು. ಸತ್ತವರನ್ನು ಅದರ ಅಡಿಗೆ ಸೇರಿಸಿ, ಮಾರನೆ ದಿನ ಸಾಲಿನಲ್ಲಿ ನಿಂತು ಮಾಮೂಲಿ ಕಲ್ಲು ಸುರಿಯುವವರ ಹಾಗೆ ಮೇಲೆ ಸುರಿಯುತ್ತಿದ್ದರು. ಗುರುತಿಲ್ಲ, ಶಿಲುಬೆಯಿಲ್ಲ, ಹೂವಿಲ್ಲ. ಬಿಳಿಯರು ಹತ್ತಿರ ಬಾರದಿರಲಿ ಅಂತ ಒಂದು ಸುಳ್ಳು ಹುಟ್ಟಿಸಿದರು. ಆ ಗುಡ್ಡೆಯಲ್ಲಿ ಕಂದು ಹಾವುಗಳಿವೆ, ಕಡಿದರೆ ನೀರು ಕೇಳುವಷ್ಟೂ ಹೊತ್ತಿಲ್ಲ. ಬಿಳಿಯರು ನಂಬಿದರು. ಹಾವಿನ ಗುಡ್ಡೆ ಅಂತಲೇ ಹೆಸರಾಯಿತು. ಎಂಬತ್ತು ವರ್ಷ ಒಬ್ಬನೂ ಅದರ ತಂಟೆಗೆ ಹೋಗಲಿಲ್ಲ. ಬಿಳಿಯರ ಮುಂದೆ ಬಾಯಿ ಬಿಡಬಾರದು ಅಂತ ಪ್ರತಿ ಮನೆಯಲ್ಲೂ ಮಕ್ಕಳ ಕೈಯಿಂದ ಆಣೆ ಹಾಕಿಸುತ್ತಿದ್ದರು.

ಏಮೋಸನ ಅವ್ವ ಅಲ್ಲಿದ್ದಾಳೆ. ಅಪ್ಪನೂ ಅಲ್ಲಿದ್ದಾನೆ. ಹೆಂಡತಿ ಐಡಾ ಮಾತ್ರ ಚರ್ಚಿನ ಸ್ಮಶಾನದಲ್ಲಿ, ಅಷ್ಟೊತ್ತಿಗೆ ಬೇಲಿ ತೆಗೆದಿದ್ದರು. ಆದರೆ ಐಡಾ ಹೆತ್ತ ಒಂದೇ ಒಂದು ಮಗು, ಪರ್ಲ್, ಆ ಗುಡ್ಡೆಯ ಅಡಿಯಲ್ಲಿದೆ. ಹನ್ನೊಂದು ದಿನ ಬದುಕಿತ್ತು. ದೀಕ್ಷಾಸ್ನಾನ ಆಗಿಲ್ಲ, ಬೇಲಿಯ ಹೊರಗೆ ಎಲ್ಲಾದರೂ ಹೂಳು ಅಂದಿದ್ದ ಪಾದ್ರಿ. ಏಮೋಸ್ ಹಳ್ಳದಿಂದ ಕರಿನೀಲಿ ಕಲ್ಲೊಂದನ್ನು ಆರಿಸಿ ತಂದ. ಮಗು ಬದುಕಿದ ದಿನಕ್ಕೊಂದು ಸಂಜೆಯಂತೆ ಹನ್ನೊಂದು ಸಂಜೆ ಅದರ ಒಂದು ಮುಖವನ್ನು ಇನ್ನೊಂದು ಕಲ್ಲಿಗೆ ಉಜ್ಜಿದ. ಮಗುವಿನ ಕೆನ್ನೆಯ ಹಾಗೆ ನುಣುಪಾಯಿತು. ಆ ಮುಖ ಕೆಳಗೆ ಮಾಡಿ ಕೂರಿಸಿದ. ಮೇಲಿನಿಂದ ನೋಡಿದರೆ ಹತ್ತರಲ್ಲಿ ಹನ್ನೊಂದನೇ ಕಲ್ಲು.

ಅದು ಮೂವತ್ತೇಳು ವರ್ಷದ ಹಿಂದಿನ ಮಾತು.

ಪುಸ್ತಕ ಓದಿದ ಮರುವಾರ ನೆವಿಲ್ ಟ್ರಾಂಟರ್ ಬಂದ. ಹಿರಿಯ ಟ್ರಾಂಟರನ ಮೊಮ್ಮಗ. ಏಮೋಸ್ ನಲವತ್ತೈದು ವರ್ಷ ಇವನ ಅಪ್ಪನಿಗೂ ಇವನಿಗೂ ದುಡಿದಿದ್ದ. ಕಬ್ಬು ಕಡಿದ, ಕಳೆ ಕೆತ್ತಿದ, ಬಿದ್ದ ಗೋಡೆ ಎತ್ತಿ ಕೂರಿಸಿದ. ಯಂತ್ರ ಬಂದು ಕಬ್ಬು ಕಡಿಯಲು ಶುರುವಾದ ದಿನ ಸಾಕು ಹೋಗು ಅಂದಿದ್ದರು. ನೆವಿಲ್ ಜೀಪಿನಿಂದ ಇಳಿಯಲಿಲ್ಲ. ದ್ವೀಪದವರ ಅಂಗಳಕ್ಕೆ ಇಳಿದ ಟ್ರಾಂಟರನನ್ನು ಯಾರೂ ಕಂಡಿಲ್ಲ.

'ಏಮೋಸ್, ಸಭಾಭವನದ ಮುಂದೆ ಒಂದು ಸ್ಮಾರಕ ಕಂಬ ನಿಲ್ಲಿಸ್ತಿದೀವಿ. ನಮ್ಮ ಹಿರಿಯರ ನೆನಪಿಗೆ. ಗದ್ದೆ ಕಲ್ಲಲ್ಲೇ ಆಗಬೇಕು ಅಂತಾಳೆ ಬೆರಿಲ್. ಗಾರೆ ಇಲ್ದೆ ಕಟ್ಟೋ ಕೈ ನಿಂದೊಂದೇ ಉಳಿದಿರೋದು.'

'ಆಗ್ಲಿ ಬಾಸ್.'

'ಕಲ್ಲು ಎಲ್ಲಿಂದ ತರಿಸಲಿ?'

'ಪೂರ್ವದ ಗೋಡೆ ಕೊನೇಲಿ ಒಂದಷ್ಟು ಬಿದ್ದಿದೆ. ಅದೇ ಸಾಕು. ಹಾವಿನ ಗುಡ್ಡೆ ತಂಟೆಗೆ ಮಾತ್ರ ಹೋಗ್ಬೇಡಿ.'

'ಇನ್ನೂ ಇದಾವಾ ಅವು?'

'ಇದಾವಾ ಅಂತ ಕೇಳ್ತೀರಲ್ಲ ಬಾಸ್! ಈ ವರ್ಷ ಮರಿ ಹಾಕಿದಾವೆ. ಮೊನ್ನೆ ಒಂದನ್ನ ರಸ್ತೆ ಅಂಚಲ್ಲೇ ಕಂಡೆ. ಮಾರುದ್ದ ಇತ್ತು.'

ನೆವಿಲ್ ಹುಬ್ಬು ಗಂಟಿಕ್ಕಿಕೊಂಡು ಹೋದ. ಏಮೋಸನಿಗೆ ಸಮಾಧಾನವಾಯಿತು. ಅಪ್ಪ ಹೇಳಿಕೊಟ್ಟ ಸುಳ್ಳನ್ನು ಅಪ್ಪನಿಗಿಂತ ಚೆನ್ನಾಗಿ ಹೇಳಿದೆ ಅಂದುಕೊಂಡ.

'ಕಟ್ತೀನಿ ಅಂತ ಯಾಕೋ ಒಪ್ಕೊಂಡೆ?' ಏಸ್ಮೆ ಒಳಗಿನಿಂದ ಕೂಗಿದಳು. 'ಎರಡು ಕೈಯವನ ಮೊಮ್ಮಗ ಅವನೇ ಕಟ್ಕೊಳ್ಳಲಿ.'

'ಕಟ್ಟಿದ್ದು ನಾವು ಅಂತ ನಮಗಾದ್ರೂ ಗೊತ್ತಿರುತ್ತಲ್ಲಕ್ಕ.'

'ಗೊತ್ತಿದ್ದು ಉದ್ಧಾರ ಆಯ್ತು.'

ಏಸ್ಮೆ ಹಾಗೆಯೇ. ಎಪ್ಪತ್ತರ ಹೆಂಗಸು, ನಾಲಗೆ ಮಾತ್ರ ಇಪ್ಪತ್ತರದ್ದು. ಆದರೆ ಏಮೋಸನಿಗೆ ಒಳಗೊಳಗೆ ಆಸೆಯಿತ್ತು, ಸುಳ್ಳೇಕೆ. ಇನ್ನೊಂದು ಸಲ ಕಲ್ಲು ಕೂರಿಸುವ ಆಸೆ. ಕೆಲಸ ಬಿಡಿಸಿದ ಮೇಲೆ ಅವನ ಕೈ ಖಾಲಿಯಾಗಿ ತೂಗುತ್ತಿತ್ತು.

ಸೋಮವಾರ ಕೆಲಸ ಹಿಡಿದ. ಟ್ರಾಂಟರನ ಲೋಡರ್ ಓಡಿಸುವ ಮರ್ವ್ ಎಂಬ ಬಿಳಿಯ ಮೊದಲ ಲೋಡು ತಂದು ಸುರಿದ. ಪೂರ್ವದ ಗೋಡೆಯ ಕಲ್ಲು, ಏಮೋಸ್ ಹೇಳಿದ್ದೇ. ಪಾಚಿ ಹಿಡಿದು ಮಾಸಿದ ಕಲ್ಲು. ಅಡಿಪಾಯಕ್ಕೆ ದೊಡ್ಡವನ್ನು ಉರುಳಿಸಿ ಕೂರಿಸಿದ. ಮಂಡಿಯೂರಿ, ಹೊಟ್ಟೆಗೆ ಕಲ್ಲು ಒತ್ತಿಕೊಂಡು, ಎತ್ತಿ, ಇಟ್ಟು, ಅಲುಗಾಡಿಸಿ, ಚಕ್ಕೆ ಬಡಿದು. ಸೊಂಟ ಹಿಡಿದುಕೊಂಡಿತು. ಹಳೆಯ ಜಜ್ಜಿದ ಉಗುರಿನಿಂದ ಮತ್ತೆ ರಕ್ತ ಬಂತು. ಮೂರು ವರ್ಷದಿಂದ ಕಣ್ಣಿಗೆ ಪೊರೆ ಬಂದಿದೆ, ಹತ್ತಿರದ ಕಲ್ಲೂ ಮಂಜಿನಲ್ಲಿದ್ದ ಹಾಗೆ ಕಾಣುತ್ತದೆ. ಕಣ್ಣಿನ ಹಂಗಿಲ್ಲದೆ ಕೈ ತಾನೇ ಕೆಲಸ ಮಾಡಿತು. ಬೆರಿಲ್ ಟೀಚರು ಸಂಜೆ ಬಂದು, 'ಎಷ್ಟು ಮುದ್ದಾಗಿ ಬರ್ತಿದೆ ಏಮೋಸ್!' ಅಂದಳು. ಅವನಿಗೂ ಖುಷಿಯಾಯಿತು.

ಮಂಗಳವಾರ ಎರಡನೇ ಲೋಡು ಬಂತು, ಬುಧವಾರ ಮೂರನೆಯದು. ಕಂಬ ಎದೆಯೆತ್ತರ ಎದ್ದಿತು. ಈ ಕಲ್ಲುಗಳು ಸಣ್ಣವು, ದುಂಡಗಿನವು. ಪೂರ್ವದ ಗೋಡೆಯಲ್ಲಿ ಇಂಥವೂ ಇದ್ದವಾ ಅಂತ ಒಂದು ಗಳಿಗೆ ಅನ್ನಿಸಿತು. ಕೇಳಲಿಲ್ಲ. ಕೇಳಬೇಕಿತ್ತು.

ಬುಧವಾರ ಊಟದ ಹೊತ್ತಿನ ನಂತರ ಒಂದು ಕಲ್ಲಿಗೆ ಕೈ ಹಾಕಿದ. ಮೇಲ್ಮೈ ಒರಟು. ಎತ್ತಿ ಹೊಟ್ಟೆಗೆ ಒತ್ತಿಕೊಂಡ, ಅಡಿಗೆ ಅಂಗೈ ಕೊಟ್ಟ. ಅಂಗೈಗೆ ನುಣುಪು ಹತ್ತಿತು. ಹಳ್ಳದ ನೀರು ಸವೆಸಿದ ನುಣುಪಲ್ಲ ಅದು. ಕೈಯಿಂದ ಉಜ್ಜಿದ್ದು. ಒಂದೇ ಮುಖ, ಅಂಚಿನ ತನಕ ಒಂದೇ ಸಮ.

ಏಮೋಸ್ ನೆಲಕ್ಕೆ ಕೂತ. ಕಲ್ಲು ತೊಡೆಯ ಮೇಲೆ ಬಿತ್ತು, ತೊಡೆ ನೋಯಲಿಲ್ಲ. ನೋವು ಗೊತ್ತಾಗುವ ಸ್ಥಿತಿಯಲ್ಲಿ ಅವನಿರಲಿಲ್ಲ. ಕಲ್ಲನ್ನು ಹೊರಳಿಸಿದ. ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಕರಿನೀಲಿ. ಅವನ ಬಾಯಿಂದ ಹೊರಟ ಸದ್ದು ಕೇಳಿ ಲೋಡರಿನ ಮೇಲಿದ್ದ ಮರ್ವ್ ಇಳಿದು ಓಡಿ ಬಂದ.

'ಕಾಲಿಗೆ ಬಿತ್ತಾ ಏಮೋಸ್?'

'ಈ ಕಲ್ಲು ಎಲ್ಲಿಂದ ತಂದೆ?'

'ಹಾವಿನ ಗುಡ್ಡೆಯಿಂದ. ಯಾಕೆ?'

'ಅಲ್ಲಿಗೆ ಹೋಗ್ಬೇಡಿ ಅಂದಿದ್ದೆ. ಹಾವಿದೆ ಅಂದಿದ್ದೆ.'

'ಅದಕ್ಕೇ ಹೋಗಿದ್ದು ಮಾರಾಯಾ! ಶನಿವಾರ ಸಂಭ್ರಮಕ್ಕೆ ಇನ್ನೂರು ಜನ ಬರ್ತಾರೆ, ಮಕ್ಕಳುಮರಿ ಎಲ್ಲಾ ಆ ಬದುವಲ್ಲೇ ಊಟಕ್ಕೆ ಕೂರೋದು. ಹಾವು ಮರಿ ಹಾಕಿದೆ ಅಂತ ಏಮೋಸ್ ಹೇಳಿದಾನೆ, ಒಂದೇ ಒಂದು ಕಲ್ಲು ಉಳೀಬಾರದು, ಪೂರ್ತಿ ತಳ್ಳಿಬಿಡು ಅಂದ ಬಾಸ್. ತಳ್ಳಿದೆ. ತಮಾಷೆ ಅಂದ್ರೆ ಒಂದು ಹುಳವೂ ಇರಲಿಲ್ಲ.'

ಏಮೋಸ್ ಕಲ್ಲನ್ನು ಎದೆಗೆ ಅವಚಿಕೊಂಡು ಕೂತೇ ಇದ್ದ. ಅವನ ಬೆನ್ನ ಹಿಂದೆ ಎದೆಯೆತ್ತರದ ಕಂಬ. ಮೂರು ದಿನದಿಂದ ಅವನೇ ಕಟ್ಟಿದ್ದು. ಅವ್ವನ ಮೇಲಿನ ಕಲ್ಲು, ಅಪ್ಪನ ಮೇಲಿನ ಕಲ್ಲು, ಮೂವತ್ತಕ್ಕೂ ಹೆಚ್ಚು ಜನರ ಮೇಲಿನ ಕಲ್ಲು, ಎಲ್ಲವನ್ನೂ ಟ್ರಾಂಟರರ ಹೆಸರಿಗೆ ಮುದ್ದಾಗಿ ಜೋಡಿಸಿದ್ದ.

'ಮರ್ವ್, ಮೂಳೆ ಸಿಕ್ತಾ?'

ಮರ್ವ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. 'ಒಂದಷ್ಟು. ಕಾಂಗರೂದು ಅನ್ಕೊಂಡೆ.'

'ಎಲ್ಲಿ ಹಾಕಿದೆ?'

'ಉಳಿದ ಕಲ್ಲು, ಮಣ್ಣಿನ ಜೊತೆ ಹಳ್ಳಕ್ಕೆ ತಳ್ಳಿದೆ. ಅಯ್ಯೋ ದೇವರೇ. ಏಮೋಸ್, ನಂಗೆ ಗೊತ್ತಿರಲಿಲ್ಲ ಕಣೋ.'

ಕಲ್ಲು ಹೊತ್ತುಕೊಂಡೇ ಏಮೋಸ್ ಒಂದೂವರೆ ಮೈಲಿ ನಡೆದ. ದಕ್ಷಿಣದ ಬದುವಿನಲ್ಲಿ ಗುಡ್ಡೆ ಇರಲಿಲ್ಲ. ಅಂಗೈಯಷ್ಟು ಚಪ್ಪಟೆ ನೆಲ. ಅರ್ಧ ಉತ್ತು ಕಬ್ಬಿನ ತುಂಡು ನೆಟ್ಟಿದ್ದರು, ಇನ್ನರ್ಧ ಊಟಕ್ಕೆ ಕೂರಲು ಹದ ಮಾಡಿದ್ದರು. ಟ್ರ್ಯಾಕ್ಟರಿನ ಪಕ್ಕ ನೆವಿಲ್, ಪಕ್ಕದಲ್ಲಿ ಬೆರಿಲ್ ಟೀಚರು. ಯಾರ ಕುರ್ಚಿ ಎಲ್ಲಿ ಅಂತ ಕೈ ಮಾಡಿ ತೋರಿಸುತ್ತಿದ್ದಳು.

ಏಮೋಸ್ ಹೇಳಿದ. ಅಪ್ಪನಿಗೆ ಕೊಟ್ಟ ಆಣೆ ಮುರಿದು ಹೇಳಿದ. ಮಾತು ಸರಿಯಾಗಿ ಬರಲಿಲ್ಲ, ತೊದಲಿದ, ಮತ್ತೆ ಮೊದಲಿನಿಂದ ಹೇಳಿದ. ನೆವಿಲ್ ಪೂರ್ತಿ ಕೇಳಿಸಿಕೊಂಡ. ಅದೊಂದು ಉಪಕಾರ ಮಾಡಿದ.

'ನಲವತ್ತು ವರ್ಷ ಹಾವು ಅಂದೆ, ಈಗ ಹೆಣ ಅಂತೀಯ,' ಅಂದ. 'ಯಾವುದು ಸುಳ್ಳು ಏಮೋಸ್? ನಾನು ಯಾವುದನ್ನ ನಂಬಲಿ?'

'ಹಾವು ಸುಳ್ಳು ಬಾಸ್.'

'ಅಂದ್ರೆ ನಲವತ್ತು ವರ್ಷ ನನ್ನ ಅನ್ನ ತಿಂದು ನನಗೇ ಸುಳ್ಳು ಹೇಳಿದೀಯ.'

ಅನ್ನ ಯಾರು ಯಾರದ್ದು ತಿಂದರು ಅಂತ ಏಮೋಸನಿಗೆ ಗೊತ್ತಿತ್ತು. ಕಲ್ಲನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡ.

ಬೆರಿಲ್ ಟೀಚರ ಕಣ್ಣು ಒದ್ದೆಯಾಗಿತ್ತು. ಕೆಟ್ಟವಳಲ್ಲ ಅವಳು. ಆದರೆ ಕೈಯಲ್ಲಿ ಅಚ್ಚಾದ ಪುಸ್ತಕವಿತ್ತು. 'ಏಮೋಸ್, ಒಂದು ಕಾಗದ, ಒಂದು ದಾಖಲೆ, ಏನಾದ್ರೂ ಇದೆಯಾ? ಚರ್ಚಿನ ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ. ಬಾಯಿ ಮಾತನ್ನ ಚರಿತ್ರೆ ಅಂತ ಬರೆಯೋಕಾಗಲ್ಲಪ್ಪಾ. ಶನಿವಾರ ಬೇಕಾದ್ರೆ ಒಂದು ನಿಮಿಷ ಮೌನ ಆಚರಿಸೋಣ.'

'ನಮ್ಮ ಮೌನ ಸಾಲಲಿಲ್ವಾ ಟೀಚರೇ?' ಏಮೋಸ್ ಕೇಳಿದ. ಜೋರಾಗಿ ಕೇಳಲಿಲ್ಲ. ಕೇಳಿ, ಕಲ್ಲಿನ ಸಮೇತ ಮನೆಗೆ ಹೊರಟ.

'ಶನಿವಾರದೊಳಗೆ ಮುಗಿಸ್ತೀಯೋ ಇಲ್ವೋ?' ಹಿಂದಿನಿಂದ ನೆವಿಲ್ ಕೂಗಿದ. 'ಇಲ್ಲಾಂದ್ರೆ ಮರ್ವ್ ಮೇಲೆ ಸಿಮೆಂಟು ಬಳಿದು ಮುಗಿಸ್ತಾನೆ.'

ಜಗಲಿಯಲ್ಲಿ ಏಸ್ಮೆ ಆ ಕಲ್ಲನ್ನು ನೋಡಿದಳು. ನುಣುಪಾದ ಮುಖದ ಮೇಲೆ ಕೈಯಾಡಿಸಿದಳು. ಹನ್ನೊಂದು ಸಂಜೆ ತಮ್ಮ ಇದೇ ಜಗಲಿಯಲ್ಲಿ ಕೂತು ಉಜ್ಜಿದ್ದನ್ನು ಕಂಡವಳು ಅವಳು.

'ಮರಿ ಹಾಕಿದೆ ಅಂತ ಹೇಳಿದ್ದು ನೀನೇನಾ?'

'ನಾನೇ ಅಕ್ಕ.'

ಏಸ್ಮೆ ಕೈಯೆತ್ತಿ ಹೊಡೆದಳು. ಅರವತ್ತನಾಲ್ಕರ ತಮ್ಮನ ಕೆನ್ನೆಗೆ ಛಟೀರನೆ ಒಂದು. ಆಮೇಲೆ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಗೋಳೋ ಅಂತ ಅತ್ತಳು. ಅಕ್ಕಪಕ್ಕದ ಮನೆಯವರೆಲ್ಲ ಬಂದು ಅಂಗಳದಲ್ಲಿ ನಿಂತರು. ಹೇಳುವುದು ಬೇಕಾಗಲಿಲ್ಲ, ಕಲ್ಲು ನೋಡಿದರೆ ಸಾಕಿತ್ತು.

'ಬಾಯಿ ಮುಚ್ಕೊಂಡು ಎಂಬತ್ತು ವರ್ಷ ಕಾಪಾಡಿದ್ವಿ,' ಏಸ್ಮೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. 'ಬಾಯಿ ಮುಚ್ಕೊಂಡೇ ಕಳ್ಕೊಂಡ್ವಿ. ಇನ್ನು ಮುಚ್ಚೋದು ಏನು ಉಳಿದಿದೆ ಹೇಳ್ರೋ.'

ಶನಿವಾರ. ಬಿಸಿಲು ಚುರುಗುಡುತ್ತಿತ್ತು. ಸಭಾಭವನದ ಮುಂದೆ ಬಾವುಟ, ಬ್ಯಾಂಡು, ಬಿಳಿ ಮೇಜುಬಟ್ಟೆ. ಕೌನ್ಸಿಲ್ಲಿನವರು ಕಳಿಸಿದ ಹಿತ್ತಾಳೆ ಫಲಕವನ್ನು ಕಂಬದ ಮೇಲೆ ಸಿಮೆಂಟಿನಲ್ಲಿ ಕೂರಿಸಿ ಬಟ್ಟೆ ಮುಚ್ಚಿದ್ದರು. ಊರಿನ ಸಮಾರಂಭಕ್ಕೆಲ್ಲ ಚಹಾ ಹಂಚುತ್ತಿದ್ದ ಏಸ್ಮೆ ಬಂದಿರಲಿಲ್ಲ. ಚಹಾ ಯಾರು ಮಾಡಬೇಕು ಅಂತ ಒಳಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ನೆವಿಲ್ ಭಾಷಣಕ್ಕೆ ನಿಂತ. 'ಈ ಒಂದೊಂದು ಕಲ್ಲೂ ನಮ್ಮ ಹಿರಿಯರ ಬೆವರು,' ಅಂದ.

ಆಗ ಹಳ್ಳದ ಕಡೆಯಿಂದ ಅವರು ಬಂದರು. ಒಂಬತ್ತು ಮನೆಯ ಜನ, ಚರ್ಚಿಗೆ ಹೋಗುವ ಬಟ್ಟೆ ತೊಟ್ಟಿದ್ದರು. ಮುಂದೆ ಏಮೋಸ್, ಕೈಯಲ್ಲಿ ಕಲ್ಲುಕುಟ್ಟುವ ಸುತ್ತಿಗೆ. ಯಾರ ಜೊತೆಗೂ ಮಾತಾಡದೆ ಕಂಬದ ಹತ್ತಿರ ಹೋದ. ಸಿಮೆಂಟಿನ ಮುಚ್ಚಳಕ್ಕೆ ನಾಲ್ಕು ಪೆಟ್ಟು ಹಾಕಿದ. ಫಲಕದ ಸಮೇತ ಅದು ಕಳಚಿಕೊಂಡಿತು, ಎತ್ತಿ ಹುಲ್ಲಿನ ಮೇಲಿಟ್ಟ. ಆಮೇಲೆ ಸುತ್ತಿಗೆ ಕೆಳಗಿಟ್ಟು ಬರಿಗೈಯಲ್ಲಿ ಮೇಲಿನ ವರಸೆಯ ಮೊದಲ ಕಲ್ಲನ್ನು ಎತ್ತಿದ.

ಕೆಡವಲಿಲ್ಲ ಅವನು. ಕೆಡವುವುದು ಸುಲಭ, ಬುಡದ ಎರಡು ಚಕ್ಕೆ ಎಳೆದರೆ ಸಾಕು. ಒಂದೊಂದಾಗಿ ಬಿಚ್ಚಿದ. ಎತ್ತಿ, ಹಿಂದಿದ್ದ ಏಸ್ಮೆಯ ಕೈಗೆ ಕೊಟ್ಟ. ಏಸ್ಮೆ ಪಕ್ಕದವನಿಗೆ ಕೊಟ್ಟಳು. ಅವನು ಮುಂದಿನವಳಿಗೆ. ಕೊನೆಯಲ್ಲಿ ಅವರದೇ ಹಳೆಯ ಲಾರಿ ನಿಂತಿತ್ತು. ಅಪ್ಪಂದಿರು ನಿಂತ ಸಾಲು ಅದೇ, ಅವ್ವಂದಿರು ನಿಂತ ಸಾಲು ಅದೇ. ಯಾರೂ ಹೇಳಿಕೊಡದೆ ಕಾಲು ತಾವಾಗಿ ಅಷ್ಟಷ್ಟು ದೂರ ನಿಂತವು.

'ನಿಲ್ಲಿಸೋ!' ನೆವಿಲ್ ಗಂಟಲು ಹರಿದುಕೊಂಡ. 'ಹುಚ್ಚು ಹಿಡಿದಿದೆಯೇನೋ ನಿಂಗೆ?'

ಬ್ಯಾಂಡಿನವರು ನುಡಿಸುವುದು ನಿಲ್ಲಿಸಿದರು. ಯಾರೋ ಒಬ್ಬ 'ಕನಾಕಾ ನಾಯಿಗಳಾ' ಅಂದ. ಇನ್ನೊಬ್ಬ ಬಾಟಲಿ ಎಸೆದ, ಅದು ಏಸ್ಮೆಯ ಹೆಗಲಿಗೆ ಬಡಿಯಿತು. ಏಸ್ಮೆಯ ಕೈಯಲ್ಲಿ ಆಗ ಕಲ್ಲಿತ್ತು. ಕಲ್ಲು ಬೀಳಿಸಲಿಲ್ಲ ಅವಳು.

'ಎಸಿ, ಇನ್ನೊಂದು ಎಸಿ,' ಅಂದಳು. 'ನಾಯಿ ಅಂತೆ. ನಿಮ್ಮ ಹಿರೀಕರು ಕುಡಿದು ಬಿದ್ದಿದ್ದಾಗ ಹೊತ್ತು ಮನೆಗೆ ಮುಟ್ಟಿಸಿದ ನಾಯಿಗಳು ಕಣೋ ನಾವು!'

ಕೆಳಗಿನ ಎರಡು ವರಸೆ ಪೂರ್ವದ ಗೋಡೆಯ ಕಲ್ಲು. ಅವನ್ನು ಏಮೋಸ್ ಮುಟ್ಟಲಿಲ್ಲ. ಮೊಣಕಾಲೆತ್ತರದ ಮೋಟು ಕಂಬ ಅಲ್ಲೇ ನಿಂತಿತು. ಲಾರಿ ದಕ್ಷಿಣದ ಬದುವಿಗೆ ಹೊರಟಿತು, ಸಾಲಿನವರು ಹಿಂದೆ ನಡೆದರು. ನೆವಿಲ್ ಮುಚ್ಚಳವನ್ನೂ ಫಲಕವನ್ನೂ ಜೀಪಿಗೆ ಹಾಕಿಕೊಂಡು ಬೆನ್ನಟ್ಟಿದ. ಪೊಲೀಸ್ ಕಾನ್‌ಸ್ಟೇಬಲ್ ವ್ಯಾನು ತಂದ. ಹಬ್ಬದ ಜನ ಅರ್ಧಕ್ಕರ್ಧ ತಮಾಷೆ ನೋಡಲು ಬಂತು.

ಬದುವಿನಲ್ಲಿ ಏಮೋಸ್ ಕಲ್ಲು ಹಿಡಿದು ಅತ್ತಿತ್ತ ನಡೆದ. ಎಲ್ಲಿ ಇಡುವುದು? ಎಲ್ಲ ಒಂದೇ ಸಮ. ಅವ್ವ ಯಾವ ಕಡೆ, ಅಪ್ಪ ಯಾವ ಕಡೆ, ಪರ್ಲ್ ಎಲ್ಲಿ. ಪೊರೆ ಕಣ್ಣಿಗೆ ಬರೀ ಕಪ್ಪು ಮಣ್ಣು ಕಾಣುತ್ತಿತ್ತು. ಕಬ್ಬಿನ ತುಂಡು ನೆಟ್ಟ ಸಾಲುಗಳೂ ಒಂದೇ ಥರ ಇದ್ದವು.

'ಇಲ್ಲಿ,' ಮರ್ವ್ ಗುಂಪಿನಿಂದ ಹೊರಗೆ ಬಂದು ಹೇಳಿದ. ಬಾಸಿನ ಮುಖ ನೋಡದೆ ಹೇಳಿದ. 'ಈ ಮೂಲೆಯಿಂದ ಆ ಗೂಟದ ತನಕ. ಎಲ್ಲ ಇಷ್ಟರಲ್ಲೇ ಇತ್ತು. ಒಳಗೆ ಯಾವುದು ಎಲ್ಲಿ ಅಂತ ನಂಗೂ ಗೊತ್ತಿಲ್ಲ.'

ಏಮೋಸ್ ಮೂಲೆಗೆ ಒಂದು ಕಲ್ಲಿಟ್ಟ. ಹಿಂದಿದ್ದವರು ಒಂದೊಂದು ಇಟ್ಟರು. ನೆಟ್ಟ ಸಾಲಿನ ಮೇಲೇ ಇಟ್ಟರು. ಪರ್ಲಳ ಕಲ್ಲನ್ನು ಏಮೋಸ್ ಮನೆಯಿಂದ ತಂದಿದ್ದ. ಅದನ್ನು ನುಣುಪು ಮುಖ ಮೇಲೆ ಮಾಡಿ ನಡುವಿಗಿಟ್ಟ. ಬಚ್ಚಿಡುವುದು ಇನ್ನು ಸಾಕು.

ಕಾನ್‌ಸ್ಟೇಬಲ್ ಟೋಪಿ ಸರಿಮಾಡಿಕೊಂಡು ಮುಂದೆ ಬಂದ. 'ನೋಡಿ, ಇದು ಖಾಸಗಿ ಜಮೀನು. ಮಿಸ್ಟರ್ ಟ್ರಾಂಟರ್, ದೂರು ಕೊಡ್ತೀರಾ?'

ನೆವಿಲ್ ಸುತ್ತ ನೋಡಿದ. ಇನ್ನೂರು ಜನ ನೋಡುತ್ತಿದ್ದರು. ಪೇಪರಿನವನೂ ಒಬ್ಬ ಇದ್ದ, ಸಂಭ್ರಮದ ಫೋಟೋ ತೆಗೆಯಲು ಬಂದವನು. ನೆವಿಲ್ ದೊಡ್ಡ ಮನುಷ್ಯನ ಹಾಗೆ ನಕ್ಕ.

'ಬಿಡಿ ಸಾರ್. ವಯಸ್ಸಾಗಿದೆ, ತಲೆ ಕೆಟ್ಟಿದೆ. ನಮ್ಮ ಮನೇಲೇ ದುಡಿದವನು. ನಂದೇನೂ ದೂರಿಲ್ಲ. ಕಲ್ಲು ಇಲ್ಲಿ ಬಿಟ್ಟು ಮನೆಗೆ ಹೋಗ್ಲಿ. ಸೋಮವಾರ ತಳ್ಳಿಸ್ತೀನಿ, ಮುಗೀತು. ಏನೂ ಆಗೇ ಇಲ್ಲ ಅಂದ್ಕೊಳ್ಳೋಣ.'

ಏನೂ ಆಗೇ ಇಲ್ಲ. ನೂರು ವರ್ಷದ ಚರಿತ್ರೆ ಅಂದರೆ ಅದೇ ತಾನೇ. ನಲವತ್ತು ಪುಟ ಬರೆದು ಟೀಚರು ಹೇಳಿದ್ದೂ ಅದನ್ನೇ.

'ದೂರು ಕೊಡು ನೆವಿಲ್,' ಅಂದ ಏಮೋಸ್.

ಎಲ್ಲರೂ ತಿರುಗಿ ನೋಡಿದರು. ಬಾಸ್ ಅನ್ನದೆ ಅವನನ್ನು ಯಾವ ದ್ವೀಪದವನೂ ಅಲ್ಲಿಯ ತನಕ ಕರೆದಿರಲಿಲ್ಲ.

'ಏನಂದೆ?'

'ದೂರು ಕೊಡು ಅಂದೆ. ನಿನ್ನ ದಯೆ ನಂಗೆ ಬೇಡ. ಏಮೋಸ್ ನನ್ನ ಜಮೀನಿಗೆ ನುಗ್ಗಿದ, ಊರ ಕಂಬ ಬಿಚ್ಚಿದ, ಕಲ್ಲು ಕದ್ದ ಅಂತ ಬರೆಸು. ಕೋರ್ಟಿಗೆ ಎಳಿ. ಅಲ್ಲಿ ಜಡ್ಜು ಯಾಕೆ ಕದ್ದೆ ಅಂತ ಕೇಳ್ಬೇಕು. ನಾನು ಹೇಳ್ಬೇಕು. ಹೇಳಿದ್ದನ್ನ ಒಬ್ಬ ಕೂತ್ಕೊಂಡು ಒಂದಕ್ಷರ ಬಿಡದೆ ಬರ್ಕೋಬೇಕು. ಟೀಚರು ದಾಖಲೆ ಕೇಳಿದ್ರಲ್ಲ. ದಾಖಲೆ ಆಗ್ಲಿ.'

ನೆವಿಲನ ನಗು ಆರಿತು. ಬುದ್ಧಿವಂತ, ಕೂಡಲೇ ಅರ್ಥವಾಯಿತು ಅವನಿಗೆ.

'ಕೊಡಲ್ಲ,' ಅಂದ. 'ಏನು ಮಾಡ್ಕೋತೀಯ?'

'ಏನು ಮಾಡ್ಕೋತೀನಿ ಅಂತ ನೋಡು.'

ಏಮೋಸ್ ಸುತ್ತಿಗೆ ತಗೊಂಡು ಜೀಪಿನ ಹತ್ತಿರ ನಡೆದ. ಹಿಂಬದಿಯ ಬಾಗಿಲು ಇಳಿಸಿ ಫಲಕವನ್ನು ಅಂಚಿಗೆ ಎಳೆದ. ಮೊದಲ ಪೆಟ್ಟಿಗೆ ಹಿತ್ತಾಳೆ ಕುಳಿಬಿತ್ತು. ಎರಡನೆಯದಕ್ಕೆ ಹಿರಿಯ ಟ್ರಾಂಟರನ ಹೆಸರು ಮಡಚಿಕೊಂಡಿತು. ಉಸಿರು ಕಟ್ಟುತ್ತಿತ್ತು, ಸೊಂಟ ಸೀಳಿಹೋಗುವ ಹಾಗೆ ನೋಯುತ್ತಿತ್ತು, ನಿಲ್ಲಿಸಲಿಲ್ಲ. ನಲವತ್ತೈದು ವರ್ಷ ಆ ಕುಟುಂಬಕ್ಕೆ ಎತ್ತಿದ ಕೈಯಲ್ಲೇ ಹೊಡೆದ. ಪುಸ್ತಕದಿಂದ ಫಲಕಕ್ಕೂ ಇಳಿಸಿದ್ದ ಎರಡು ಕೈಗಳಿಂದಲೇ ಅನ್ನುವ ಸಾಲು ಕಾಣದಾಗುವ ತನಕ ಹೊಡೆದ. ಯಾರೂ ತಡೆಯಲಿಲ್ಲ. ತಡೆಯಲು ಬಂದ ನೆವಿಲನ ಎದುರು ಏಸ್ಮೆ ಬಂದು ನಿಂತಿದ್ದಳು. ಅವಳ ಹಿಂದೆ ಒಂಬತ್ತು ಮನೆ.

ಸುತ್ತಿಗೆ ಕೆಳಗಿಟ್ಟು ಏಮೋಸ್ ಕಾನ್‌ಸ್ಟೇಬಲ್ ಕಡೆ ತಿರುಗಿದ.

'ಇದು ಇವನ ಸ್ವತ್ತಲ್ಲ. ಕೌನ್ಸಿಲ್ಲಿಂದು, ಸರಕಾರದ್ದು. ಇನ್ನು ಇವನು ಬೇಡ ಅಂದ್ರೂ ಕೇಸು ಹಾಕ್ಲೇಬೇಕು ತಾನೇ ನೀವು?'

ಕಾನ್‌ಸ್ಟೇಬಲ್ ನೆವಿಲನ ಮುಖ ನೋಡಿದ. ಫಲಕ ನೋಡಿದ. ಪೇಪರಿನವನ ಕ್ಯಾಮೆರಾ ನೋಡಿದ. 'ಹಾಕ್ಬೇಕಾಗುತ್ತೆ,' ಅಂದ.

'ಸೋಮವಾರ ಅವನು ತಳ್ಳಿಸ್ತಾನೆ,' ಏಸ್ಮೆ ತಮ್ಮನ ತೋಳು ಹಿಡಿದಳು. 'ನೀನು ಒಳಗಿರ್ತೀಯ.'

'ನೀವು ಹೊರಗಿರ್ತೀರಲ್ಲಕ್ಕ. ಕೂತ್ಕೊಳ್ಳಿ ಇಲ್ಲೇ.'

ಏಸ್ಮೆ ಕೂತಳು. ಆ ಮಣ್ಣಿನ ಮೇಲೆ, ಕಲ್ಲುಗಳ ನಡುವೆ, ಚರ್ಚಿನ ಬಟ್ಟೆಯಲ್ಲೇ. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕೂತರು.

ಏಮೋಸ್ ಪೊಲೀಸ್ ವ್ಯಾನಿನ ಹಿಂದಿನ ಬಾಗಿಲು ತಾನೇ ತೆಗೆದ. ಒಂದು ಕಾಲು ಮೇಲಿಟ್ಟು, ಇಳಿಸಿ, ಕಾನ್‌ಸ್ಟೇಬಲನ ಜೇಬಿನಲ್ಲಿದ್ದ ಪುಸ್ತಕದ ಕಡೆ ಬೆರಳು ಮಾಡಿದ.

'ತೆಗೀರಿ ಅದನ್ನ. ಠಾಣೆ ತನಕ ಯಾಕೆ ಕಾಯೋದು. ಕೆಲವರ ಹೆಸರು ನಂಗೆ ಗೊತ್ತು, ಹೇಳ್ತೀನಿ. ಗೊತ್ತಿಲ್ದೇ ಇರೋರಿಗೆ ಮನುಷ್ಯ ಅಂತ ಬರೀರಿ.'

ಕಾನ್‌ಸ್ಟೇಬಲ್ ಜೇಬಿಗೆ ಕೈ ಹಾಕಿದ.

'ಬರೀರಿ ಸಾರ್. ಮೊದಲನೇದು ನಮ್ಮವ್ವ. ನೆಲ್ಲೀ. ಎನ್, ಇ, ಎರಡು ಎಲ್...'